ಹೊಂಗೆ ಮರದವರೆಗಿನ ಹೆಜ್ಜೆ

ನಮ್ಮೂರಲ್ಲಿ ಬೆಳಿಗ್ಗೆ ಹೊತ್ತು ಯಾರೂ ಓಣಿ ಗುಡಿಸೋದಿಲ್ಲ. ಗುಡಿಸೋದೇನಿದ್ದರೂ ಸಂಜೆ, ಮಗ್ರಿಬ್ ನಮಾಜ್ ಆದ ಮೇಲೆ. ಫಜರ್ ಆಜಾನ್ ಮುಗಿಯೋ ಹೊತ್ತಿಗೆ ಅವತ್ತು ಯಾರು ಯಾರು ಎಲ್ಲೆಲ್ಲಿ ನಡೀತಾರೋ ಅಷ್ಟೂ ಹೆಜ್ಜೆ ಮಣ್ಣಿನ ಮೇಲೆ ಮೂಡಿರುತ್ತೆ. ಹೆಜ್ಜೆ ಮೊದಲು, ನಡೆಯೋದು ಆಮೇಲೆ. ಚಪ್ಪಲಿ ಹಾಕಿ ನಡೆಯೋರದ್ದೂ ಬರಿಗಾಲೇ ಮೂಡುತ್ತೆ. ಮನೆಯೊಳಗೆ ಮೂಡೋದಿಲ್ಲ, ಕಲ್ಲಿನ ಮೇಲೆ ಮೂಡೋದಿಲ್ಲ, ಮಣ್ಣಿನ ಮೇಲೆ ಮಾತ್ರ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಹೆದರಿ ಅಳ್ತಾರೆ. ಸ್ವಲ್ಪ ದಿನ ಕಳೆದರೆ ಅವರೂ ಎದ್ದವರೇ ಬಾಗಿಲು ತೆಗೆದು ನೋಡಿ, "ಅಯ್ಯೋ, ದೊಡ್ಡ ನಾದಿನಿ ಬರ್ತಿದ್ದಾಳೆ, ಇನ್ನೊಂದು ಪಾವು ಅಕ್ಕಿ ಹಾಕಬೇಕು" ಅಂತ ಗೊಣಗೋಕೆ ಶುರು ಮಾಡ್ತಾರೆ.

ಹೆಜ್ಜೆ ಬಂದ ಮೇಲೆ ಮುಗೀತಲ್ಲ, ಇನ್ನು ನಿಮ್ಮ ಕೈಯಲ್ಲೇನಿದೆ ಅಂತ ನೀವು ಕೇಳಬಹುದು. ಕೇಳಿ, ಪಕ್ಕದ ಮನೆ ಜೈತುನ್‌ಬಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವಳ ಹಿತ್ತಲಿನ ಕೋಳಿಗೂಡಿನ ತನಕ ಯಾರದೋ ಗುರುತಿಲ್ಲದ ಹೆಜ್ಜೆ. ಅವಳು ಕೂಗಾಡಲಿಲ್ಲ. ಕೋಳಿಗಳನ್ನೆಲ್ಲ ಹಿಡಿದು ಅಡುಗೆಮನೆಗೆ ಹಾಕಿ, ಖಾಲಿ ಗೂಡಿನ ಮುಂದೆ ಒಂದು ತಟ್ಟೆ ಚಿತ್ರಾನ್ನ ಇಟ್ಟಳು. ಕಳ್ಳ ಬಂದ, ಚಿತ್ರಾನ್ನ ತಿಂದ, ತಟ್ಟೆ ತೊಳೆದಿಟ್ಟು ಹೋದ. ಹೆಜ್ಜೆಯೂ ಸುಳ್ಳಾಗಲಿಲ್ಲ, ಕೋಳಿಯೂ ಹೋಗಲಿಲ್ಲ.

ಮಸೀದಿಯ ಹಜ್ರತ್ ಹತ್ತಿರ ಗಂಡಸರು ಪ್ರತಿ ರಂಜಾನಿಗೂ ಇದನ್ನೇ ಕೇಳ್ತಾರೆ. ಹೆಜ್ಜೆ ಇದೆ ಅಂತ ನಾವು ನಡೀತೀವೋ, ನಾವು ನಡೀತೀವಿ ಅಂತ ಹೆಜ್ಜೆ ಇದೆಯೋ? ಹಜ್ರತ್ ಗೋಡೆ ಮೇಲಿನ ರಂಜಾನ್ ಕ್ಯಾಲೆಂಡರ್ ತೋರಿಸ್ತಾರೆ. "ಇವತ್ತು ಸೂರ್ಯ ಇಷ್ಟು ಗಂಟೆಗೆ ಮುಳುಗ್ತಾನೆ ಅಂತ ಬೇಕರಿಯವನು ಇದರಲ್ಲಿ ಅಚ್ಚು ಹಾಕಿಸಿದಾನೆ. ಹಾಗಂತ ಸೂರ್ಯನ್ನ ಮುಳುಗಿಸೋನು ಬೇಕರಿಯವನಾ? ಅಲ್ಲಾಹನಿಗೆ ಎಲ್ಲ ಗೊತ್ತು. ಗೊತ್ತಿರೋದು ಬೇರೆ, ಕತ್ತು ಹಿಡಿದು ಮಾಡಿಸೋದು ಬೇರೆ." ಗಂಡಸರೆಲ್ಲ ತಲೆ ಆಡಿಸಿ ಮನೆಗೆ ಬರ್ತಾರೆ. ನಮ್ಮನೆಯವರಂತೂ ಬಂದು, "ಯಾವ ಬೇಕರಿ ಅಂತ ಹೇಳಲೇ ಇಲ್ಲ ನೋಡು" ಅಂದರು.

ಹೆಜ್ಜೆ ನೋಡೋದಕ್ಕೂ ಒಂದು ರೀತಿ ರಿವಾಜು ಇದೆ. ಬೇರೆಯವರದ್ದು ಎಷ್ಟು ಬೇಕಾದರೂ ನೋಡಬಹುದು, ನಮ್ಮದನ್ನ ನಾವು ಬಗ್ಗಿ ಬಗ್ಗಿ ನೋಡಿಕೊಳ್ಳೋದು ಲಕ್ಷಣ ಅಲ್ಲ. ಕನ್ನಡಿ ಮುಂದಿಂದ ಏಳದೇ ಇರೋ ಹುಡುಗಿಯನ್ನ ಬೈಯೋ ಹಾಗೆ ಬೈತಾರೆ. ಇನ್ನೊಂದು, ಯಾರದಾದರೂ ಹೆಜ್ಜೆ ಓಣಿ ನಡುವೆ ಪಟ್ಟನೆ ನಿಂತು ಹೋಗಿದ್ದರೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಅಂದರೆ, ಮೊದಲು ನೋಡಿದವರು ಆ ಕೊನೇ ಹೆಜ್ಜೆ ಮೇಲೆ ಒಂದು ಬುಟ್ಟಿ ಮಗುಚಿ ಹಾಕಬೇಕು. ಬಾಯಿ ಬಿಡಬಾರದು. ಸತ್ತರು ಅನ್ನೋದಕ್ಕೇ ನಮ್ಮಲ್ಲಿ 'ಹೆಜ್ಜೆ ಮುಗೀತು' ಅಂತಾರೆ. ಬುಟ್ಟಿ ಕಂಡರೆ ಎಲ್ಲರೂ ಪಕ್ಕಕ್ಕೆ ಸರಿದು, ದುವಾ ಹೇಳಿಕೊಂಡು ಹೋಗ್ತಾರೆ.

ನಾನು ಖುತೇಜಾ. ನಮ್ಮನೆಯವರು ಮಕ್ತುಂ ಸಾಬರು, ಪಾತ್ರೆಗಳಿಗೆ ಕಲಾಯಿ ಹಾಕೋರು. ತಿದಿ, ತವರ, ನವಸಾಗರ ಕಟ್ಟಿಕೊಂಡು ಊರೂರು ಸುತ್ತುತಾ ಇರ್ತಾರೆ, ಮನೇಲಿ ಇರೋದು ಕಮ್ಮಿ. ಮನೇಲಿ ಇರೋದು ನಾನು, ನಮ್ಮತ್ತೆ ಅಮೀರ್‌ಜಾನ್. ಇಬ್ಬರಿಗೂ ಬಾಯಿ ಜಾಸ್ತಿ. ಸಾರಿಗೆ ಉಪ್ಪು ಕಮ್ಮಿ ಆಯ್ತು ಅನ್ನೋದರಿಂದ ಹಿಡಿದು ನಾನು ಬಾಗಿಲು ಹಾಕೋ ಸದ್ದಿನ ತನಕ ಜಗಳ. ಆದರೆ ಒಂದು ವಿಷಯಕ್ಕೆ ಮಾತ್ರ ನಾವು ಜಗಳ ಆಡಿದ್ದೇ ಇಲ್ಲ, ಯಾಕಂದರೆ ಅದನ್ನ ಎತ್ತಿದರೆ ಮನೆ ಉಳೀತಿರಲಿಲ್ಲ. ಅದು ನಮ್ಮಮ್ಮಿ ವಿಷಯ.

ನಮ್ಮಮ್ಮಿ ಹಲೀಮಾಬಿ ಏರು ಓಣಿಯ ತುದಿಯಲ್ಲಿ ಇರೋದು. ಅಬ್ಬಾ ಹೋದ ಮೇಲೆ ನನ್ನ ಸಾಕೋದಕ್ಕೆ ಅವಳು ಹಿಡಿದ ಕೆಲಸ, ತೀರಿಹೋದ ಹೆಂಗಸರಿಗೆ ಗುಸ್ಲ್ ಕೊಡೋದು. ಯಾರ ಮನೇಲಿ ಹೆಂಗಸು ಕಣ್ಣುಮುಚ್ಚಿದರೂ ಅಮ್ಮಿನೇ ಹೋಗಿ, ಬಿಸಿನೀರಲ್ಲಿ ಬೋರೆ ಎಲೆ ಹಾಕಿ, ಮೈ ತೊಳೆದು, ಕರ್ಪೂರ ಹಚ್ಚಿ, ಕಫನ್ ಉಡಿಸಿ ಕಳಿಸ್ತಾಳೆ. ಊರಿಗೆಲ್ಲ ಅವಳೊಬ್ಬಳೇ. ಅಮ್ಮಿ, ನಮ್ಮತ್ತೆ ಒಂದೇ ಮಕ್ತಬಿನಲ್ಲಿ ಓದಿದವರು, ಚಿಕ್ಕವರಿದ್ದಾಗ ಒಂದೇ ಚಾಪೆ ಮೇಲೆ ಕೂತು ಅಲಿಫ್ ಬೇ ಕಲಿತವರು. ನನ್ನ ಮದುವೆ ದಿನ ಅಳಿಯನಿಗೆ ಶರಬತ್ ಕುಡಿಸೋಕೆ ಅಮ್ಮಿ ಲೋಟ ಹಿಡಿದು ಬಂದಳು. ಅತ್ತೆ ಎಲ್ಲರೆದುರಿಗೆ, "ಹೆಣ ತೊಳೆಯೋ ಕೈ ಅದು. ಆ ಕೈಯಿಂದ ನನ್ನ ಮಗನಿಗೆ ಏನೂ ಬೇಡ" ಅಂದುಬಿಟ್ಟರು. ಅಮ್ಮಿ ಲೋಟ ಕೆಳಗಿಟ್ಟಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. "ಅಮೀರಾ, ನಿನ್ನ ಮನೆ ಹೊಸ್ತಿಲು ನಾನು ತುಳಿಯೋದು ನಿನಗೆ ಗುಸ್ಲ್ ಕೊಡೋಕೆ ಕರೆದಾಗಲೇ" ಅಂತ ಹೇಳಿ ಹೋದಳು. ಅವತ್ತು ಹೋದವಳು ಮತ್ತೆ ಬರಲಿಲ್ಲ. ನಾನು ದಿನಾ ಒಂದು ಸಲ ಏರು ಓಣಿ ಹತ್ತಿ ಅಮ್ಮಿಯನ್ನ ನೋಡಿ ಬರ್ತೀನಿ. ಅತ್ತೆ ಕೇಳೋದಿಲ್ಲ, ನಾನು ಹೇಳೋದಿಲ್ಲ. ನಡುವೆ ನಾನು ಒಬ್ಬಳು ಎಷ್ಟು ಬೆಂದಿದ್ದೀನಿ ಅಂತ ನನಗೇ ಗೊತ್ತು.

ಆ ಬೆಳಿಗ್ಗೆ ಹಾಲಿಗೆ ಅಂತ ಪಾತ್ರೆ ಹಿಡಿದು ಬಾಗಿಲು ತೆಗೆದೆ. ಹೊಸ್ತಿಲಿನಿಂದ ಹೊರಗೆ ಅತ್ತೆಯ ಹೆಜ್ಜೆ! ಬಲಗಾಲು ಸ್ವಲ್ಪ ಹೊರಕ್ಕೆ ತಿರುಗಿದ ಹೆಜ್ಜೆ, ಅವರದೇ, ಅನುಮಾನ ಇಲ್ಲ. ಅತ್ತೆಗೆ ಉಬ್ಬಸ, ಮಂಡಿನೋವು, ಮನೆಯಿಂದ ಹೊರಗೆ ಕಾಲಿಟ್ಟು ಎಷ್ಟು ಕಾಲ ಆಗಿತ್ತೋ. ಇದೇನಪ್ಪಾ ಅಂತ ಅದರ ಜೊತೆಗೇ ಹೋದೆ. ಜೈತುನ್‌ಬಿ ಮನೆ ದಾಟಿತು, ನಲ್ಲಿ ದಾಟಿತು, ಏರು ಓಣಿಗೆ ತಿರುಗಿತು. ಆ ಓಣಿಯಲ್ಲಿ ಅತ್ತೆಗೆ ಹೋಗೋಕೆ ಅಮ್ಮಿ ಮನೆ ಬಿಟ್ಟು ಇನ್ನೇನಿದೆ? ಖುಷಿಗೆ ಓಡಿದೆ. ಅರ್ಧ ದಾರಿಯಲ್ಲಿ, ಹೊಂಗೆ ಮರದ ಕೆಳಗೆ, ಹೆಜ್ಜೆ ನಿಂತಿತ್ತು. ಮುಂದೆ ಇಲ್ಲ. ಸುತ್ತ ನೋಡಿದೆ, ವಾಪಸ್ ಬಂದಿದ್ದೂ ಇಲ್ಲ. ಎರಡು ಪಾದ ಜೋಡಿಸಿ ನಿಂತ ಹಾಗಿತ್ತು, ಅಷ್ಟೇ.

ಅಲ್ಲೇ ಕುಸಿದು ಕೂತೆ. ಇಷ್ಟು ವರ್ಷ ಬೈದಿದ್ದೀನಿ, ಮನಸ್ಸಿನಲ್ಲಿ ಶಾಪವೂ ಹಾಕಿದ್ದೀನಿ, ಸುಳ್ಳು ಯಾಕೆ. ಆದರೆ ಆ ಸೊಟ್ಟ ಪಾದ ಅಲ್ಲಿಗೆ ನಿಂತಿದ್ದು ನೋಡಿ ಅದನ್ನೆಲ್ಲ ವಾಪಸ್ ತಗೋಬೇಕು ಅನ್ನಿಸಿತು. ಮನೆಗೆ ಓಡಿಹೋಗಿ ಹಿಡಿ ಮುರಿದ ಬುಟ್ಟಿ ತಂದು ಅದರ ಮೇಲೆ ಮಗುಚಿ ಹಾಕಿದೆ. ಹಾಲು ತರೋದು ಮರೆತೇ ಹೋಯ್ತು.

ಮನೆಗೆ ಬಂದು ಏನು ಮಾಡಿದೆ ಗೊತ್ತಾ? ಅತ್ತೆಯ ಚಪ್ಪಲಿ ತೆಗೆದು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಮುಂಬಾಗಿಲಿಗೆ ಒಳಗಿಂದ ಬೀಗ ಜಡಿದೆ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೋಗದಿದ್ದರೆ ತಾನೇ ಮುಗಿಯೋದು? ಹೋಗೋಕೇ ಬಿಡೋದಿಲ್ಲ. ಹಜ್ರತ್ ಕೇಳಿದರೆ ನಗ್ತಿದ್ದರೋ ಬೈತಿದ್ದರೋ, ನನಗೆ ಆಗ ಹಜ್ರತ್ ಬೇಕಾಗಿರಲಿಲ್ಲ, ಅತ್ತೆ ಬೇಕಾಗಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬೇಳೆ ಆರಿಸೋಕೆ ಶುರು ಮಾಡಿದೆ.

ಅತ್ತೆ ಎದ್ದು ಬಂದರು. ಬೀಗ ನೋಡಿದರು, ನನ್ನ ನೋಡಿದರು.

"ಬೀಗ ಯಾಕೆ ಹಾಕಿದೀಯ?"

"ನಾಯಿ ಬರುತ್ತೆ."

"ಈ ಓಣಿ ನಾಯಿಗಳು ಯಾವಾಗಿಂದ ಅಗುಳಿ ತೆಗೆಯೋಕೆ ಕಲಿತವು?"

ನಾನು ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಎಸೆದೆ. ಅವರು ಮಂಚದ ಮೇಲೆ ಕೂತು ಚಹಾ ಕುಡಿದರು. ಹಾಲಿಲ್ಲದ ಚಹಾ. ಬೇರೆ ದಿನ ಆಗಿದ್ದರೆ ಅದಕ್ಕೇ ಒಂದು ರಾಮಾಯಣ ಆಗೋದು. ಅವತ್ತು ಸುಮ್ಮನೆ ಕುಡಿದು ಲೋಟ ಕೆಳಗಿಟ್ಟರು. ಮಧ್ಯಾಹ್ನ ಅವರಿಗೆ ಇಷ್ಟ ಅಂತ ಮೆಂತ್ಯ ಸೊಪ್ಪಿನ ಖೀಮಾ ಮಾಡಿದೆ. ಉಪ್ಪು ಜಾಸ್ತಿ ಆಗಿತ್ತು, ನನ್ನ ಬಾಯಿಗೇ ಗೊತ್ತಾಯ್ತು. "ಚೆನ್ನಾಗಿದೆ" ಅಂದರು. ಆಗ ನನಗೆ ನಿಜವಾಗಿಯೂ ಭಯ ಆಯ್ತು.

ಜೊಹರ್ ನಮಾಜ್ ಮುಗಿಸಿ ಜಾನಿಮಾಜ್ ಮಡಿಚುತ್ತಾ ಅತ್ತೆ, "ಚಪ್ಪಲಿ ಕೊಡು" ಅಂದರು.

"ಯಾವ ಚಪ್ಪಲಿ?"

"ನೀನು ಅಕ್ಕಿ ಡಬ್ಬಿ ಹಿಂದೆ ಇಟ್ಟಿರೋದು. ಖುತೇಜಾ, ನೀನು ಏಳೋಕೆ ಮುಂಚೆ ನಾನು ಎದ್ದು ಬಾಗಿಲಿನ ಸಂದಿಯಿಂದ ನೋಡಿದೆ. ಹೊಸ್ತಿಲಿಂದ ಹೋಗಿರೋ ಹೆಜ್ಜೆ ಇದೆ, ಬಂದಿರೋ ಹೆಜ್ಜೆ ಇಲ್ಲ. ಇಷ್ಟು ವಯಸ್ಸಾಯ್ತು, ಅಷ್ಟು ಓದೋಕೆ ನನಗೆ ಬರಲ್ವಾ?"

ಬೇಳೆ ಮೊರ ಪಕ್ಕಕ್ಕಿಟ್ಟು ನಾನು ಅತ್ತೆಯ ಕಾಲು ಹಿಡಿದುಕೊಂಡೆ. "ಹೋಗಬೇಡಿ. ಕೈಮುಗೀತೀನಿ. ಇಲ್ಲೇ ಇರಿ. ನೀವು ಹೊರಗೆ ಕಾಲೇ ಇಡದಿದ್ದರೆ ಏನು ಮಾಡುತ್ತೆ ಆ ಹೆಜ್ಜೆ?"

"ಏನೂ ಮಾಡಲ್ಲ" ಅಂದರು ಅತ್ತೆ. "ಅದು ಎದ್ದು ಬಂದು ನನ್ನ ಕಾಲು ಹಿಡಿದು ಎಳೆಯುತ್ತಾ? ಬೆಳಿಗ್ಗೆಯಿಂದ ಮಂಚದ ಮೇಲೆ ಕೂತು ಅದನ್ನೇ ಯೋಚನೆ ಮಾಡ್ತಿದ್ದೆ. ಇಷ್ಟು ವರ್ಷ ದಿನಾ ಬೆಳಿಗ್ಗೆ ನೋಡ್ತಿದ್ದೆ ಕಣೇ. ಏರು ಓಣಿ ಕಡೆ ಇವತ್ತೂ ನನ್ನ ಹೆಜ್ಜೆ ಇಲ್ಲ, ಹಲೀಮಾ ಹತ್ತಿರ ಹೋಗೋದು ನನ್ನ ತಕ್ದೀರಿನಲ್ಲೇ ಬರೆದಿಲ್ಲ, ಅಲ್ಲಾಹನ ಮರ್ಜಿ ಇಲ್ಲ ಅಂತ ಹೇಳಿಕೊಂಡು ಚಹಾ ಕುಡೀತಿದ್ದೆ. ನನ್ನ ಸೊಕ್ಕನ್ನ ತಗೊಂಡು ಹೋಗಿ ಅವನ ತಲೆಗೆ ಕಟ್ಟಿದೆ. ಹೆಜ್ಜೆ ಬರಲಿಲ್ಲ ಅಂತ ನಾನು ಹೋಗದೇ ಇದ್ದಿದ್ದಲ್ಲ. ನಾನು ಹೋಗೋಳಾಗಿರಲಿಲ್ಲ, ಅದಕ್ಕೇ ಹೆಜ್ಜೆ ಬರಲಿಲ್ಲ."

"ಅದು ಅಮ್ಮಿ ಮನೆ ತನಕ ಹೋಗಲ್ಲ" ಅಂದುಬಿಟ್ಟೆ. ಬಾಯಿ ಬಿಡಬಾರದು ಅನ್ನೋ ರಿವಾಜು ಅಲ್ಲಿಗೆ ಮುರೀತು. "ಅರ್ಧಕ್ಕೇ ನಿಲ್ಲುತ್ತೆ ಅತ್ತೆ. ಹೊಂಗೆ ಮರದ ಹತ್ತಿರ."

ಅತ್ತೆಯ ಮುಖ ಬಿಳಿಚಿಕೊಂಡಿತು. ಆಮೇಲೆ ಸೆರಗು ಸರಿ ಮಾಡಿಕೊಂಡರು. "ಅರ್ಧ ಆದರೆ ಅರ್ಧ. ನಾಳೆ ನನ್ನ ಮೈ ತೊಳೆಯೋ ಕೈ ಅವಳದೇ. ನಾನು ಮನೇಲಿ ಮಲಗಿ ಸಾಯೋದು ಬೇರೆ, ಅವಳ ಮನೆ ಕಡೆ ಮುಖ ಮಾಡಿ ಸಾಯೋದು ಬೇರೆ. ಅದು ಅವಳಿಗೆ ಗೊತ್ತಾಗುತ್ತೆ. ಚಪ್ಪಲಿ ಕೊಡು ಮಗಳೇ."

ಮಗಳೇ ಅಂತ ಅವರು ನನ್ನನ್ನ ಕರೆದಿದ್ದು ಅದೇ ಮೊದಲು. ಬೀಗ ತೆಗೆಯೋಕೆ ನನ್ನ ಕೈ ಬರಲೇ ಇಲ್ಲ. ತೆಗೀಬೇಡ ಅಂತ ಒಂದು ಮನಸ್ಸು, ತೆಗಿ ಅಂತ ಒಂದು ಮನಸ್ಸು. ನಮ್ಮಮ್ಮಿಗೆ ಆ ಮಾತು ಆಡಿದವರು ತಾವಾಗೇ ಅವಳ ಬಾಗಿಲಿಗೆ ಹೋಗ್ತೀನಿ ಅಂತ ನಿಂತಿದ್ದಾರೆ, ಇಷ್ಟು ವರ್ಷ ನಾನು ದುವಾದಲ್ಲಿ ಕೇಳಿಕೊಂಡಿದ್ದು ಇದನ್ನೇ ಅಲ್ವಾ? ಬಿಸ್ಮಿಲ್ಲಾ ಅಂತ ಬೀಗ ತೆಗೆದೆ.

ಇಬ್ಬರೂ ಹೊರಟೆವು. ಅವರು ನನ್ನ ತೋಳು ಹಿಡಿದುಕೊಂಡಿದ್ದರು. ಮಣ್ಣಿನ ಮೇಲಿದ್ದ ಸೊಟ್ಟ ಪಾದಗಳ ಮೇಲೇ ಅವರ ಚಪ್ಪಲಿ ಒಂದೊಂದಾಗಿ ಬೀಳ್ತಾ ಹೋಯ್ತು. ಜೈತುನ್‌ಬಿ ಬಾಗಿಲಲ್ಲಿ ನಿಂತಿದ್ದವಳು ನಮ್ಮನ್ನ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಅವಳ ಕಡೆ ತಿರುಗಿ, "ಏನೇ, ಮಾಫ್ ಮಾಡ್ಬಿಡು, ನಿನ್ನ ಒರಳುಕಲ್ಲು ನಾನೇ ಒಡೆದಿದ್ದು" ಅಂದರು. "ಗೊತ್ತು ಬಿಡಿ ಆಪಾ" ಅಂತ ಅವಳು ಅಳೋಕೆ ಶುರು ಮಾಡಿದಳು.

ಏರು ಓಣಿ ಕಡಿದು. ಗಾಡಿ ಹತ್ತೋದಿಲ್ಲ, ಸೈಕಲ್ಲೂ ತಳ್ಳಿಕೊಂಡೇ ಹೋಗಬೇಕು. ನಾಲ್ಕು ಹೆಜ್ಜೆಗೆ ಒಂದು ಸಲ ಅತ್ತೆ ನಿಂತು ಏದುಸಿರು ಬಿಡೋರು. ನಾನು ವಾಪಸ್ ಹೋಗೋಣ ಅನ್ನೋದು, ಅವರು ಬಾಯಿ ಮುಚ್ಚು ಅನ್ನೋದು. ಹೊಂಗೆ ಮರ ಬರೋ ಹೊತ್ತಿಗೆ ಅವರ ಎದೆಯಿಂದ ಗೊರಗೊರ ಸದ್ದು ಬರ್ತಿತ್ತು, ತುಟಿ ಕಪ್ಪಿಟ್ಟಿತ್ತು. ಬುಟ್ಟಿ ನೋಡಿದರು. "ನಮ್ಮನೆದೇ. ಹಿಡಿ ಮುರಿದಿದ್ದು. ನನ್ನ ಸಾವಿಗೂ ಒಂದು ಒಳ್ಳೇ ಬುಟ್ಟಿ ಹಾಕಲಿಲ್ಲ ನೀನು" ಅಂತ ಅದರ ಮೇಲೇ ಕೂತುಬಿಟ್ಟರು. ನನಗೆ ನಗು ಬಂತು, ಅಳು ಬಂತು, ಯಾವುದು ಅಂತ ಗೊತ್ತಾಗಲಿಲ್ಲ.

ಅವರು ಕಣ್ಣು ಮುಚ್ಚಿ, ಕೊನೆಗಾಲದಲ್ಲಿ ಹೇಳೋ ಕಲಿಮಾ ಹೇಳೋಕೆ ಶುರು ಮಾಡಿದರು. ನಡುನಡುವೆ ಉಸಿರು ಸಿಕ್ಕದೆ ನಿಲ್ಲೋದು. ನಾನು ಬೆನ್ನು ತಿಕ್ಕಿದೆ, ಸೆರಗಿನಲ್ಲಿ ಗಾಳಿ ಹಾಕಿದೆ. ಕಲಿಮಾ ಒಂದು ಸಲ ಆಯ್ತು, ಎರಡು ಸಲ ಆಯ್ತು, ಅವರು ಸಾಯಲಿಲ್ಲ. ಕಣ್ಣು ಬಿಟ್ಟು ನನ್ನ ನೋಡಿದರು. "ಇನ್ನೂ ಇದ್ದೀನಲ್ಲೇ" ಅಂದರು, ಮೆಲ್ಲಗೆ, ತಪ್ಪು ಮಾಡಿದವರ ಹಾಗೆ. ಏಳೋಕೆ ನೋಡಿದರು. ಕಾಲು ಬರಲಿಲ್ಲ. ಮಂಡಿ ಅಲ್ಲಾಡಿಸೋಕೂ ಆಗಲಿಲ್ಲ.

ಕೆಳಗೆ ನೋಡಿದೆ. ಕೆಳಗೆ ನಮ್ಮನೆ, ಮಂಚ, ಉಬ್ಬಸದ ಔಷಧಿ. ಮೇಲೆ ನೋಡಿದೆ. ಮೇಲೆ ಅಮ್ಮಿ ಮನೆಯ ಹಸಿರು ಬಾಗಿಲು. ಇಳಿಸಿಕೊಂಡು ಹೋಗೋದು ಸುಲಭ, ಬುದ್ಧಿ ಇರೋರು ಯಾರಾದರೂ ಅದನ್ನೇ ಮಾಡ್ತಾರೆ. ಅವರ ಮುಖ ನೋಡಿದೆ. ಅವರು ಮೇಲೆ ನೋಡ್ತಿದ್ದರು, ಮಿಠಾಯಿ ಅಂಗಡಿ ಮುಂದೆ ಬರಿಗೈಲಿ ನಿಂತ ಮಗುವಿನ ಹಾಗೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತೆ.

"ಬನ್ನಿ ಬೆನ್ನಿಗೆ."

"ಹುಚ್ಚಿ! ನನ್ನ ಹೆಜ್ಜೆ ಇಲ್ಲಿಗೆ ಮುಗೀತು ಕಣೇ."

"ನಿಮ್ಮದು ಮುಗಿದರೆ ಮುಗೀಲಿ. ನನ್ನದು ಇದೆಯಲ್ಲ! ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳಿ."

ಎದ್ದೆ. ಯಾ ಅಲ್ಲಾಹ್, ಎಷ್ಟು ಭಾರ! ನೋಡೋಕೆ ಒಣಕಲು, ಎಲ್ಲಿತ್ತೋ ಅಷ್ಟು ತೂಕ. ಕಾಲು ಹುಡಿಮಣ್ಣಿನಲ್ಲಿ ಹಿಮ್ಮಡಿ ತನಕ ಹೂತಿತು. ಅವರ ಬಿಸಿ ಉಸಿರು ನನ್ನ ಕಿವಿಗೆ ಬಡೀತಿತ್ತು. ಆ ಉಸಿರು ನಿಂತರೆ ಗೊತ್ತಾಗಲಿ ಅಂತ ಕಿವಿ ಅಲ್ಲೇ ಇಟ್ಟುಕೊಂಡು ಹತ್ತಿದೆ. "ನಿಧಾನ" ಅಂದರು. "ಬಲಕ್ಕೆ ಕಲ್ಲಿದೆ" ಅಂದರು. "ಖೀಮಾಗೆ ಉಪ್ಪು ಜಾಸ್ತಿ ಆಗಿತ್ತು" ಅಂದರು. ಅಲ್ಹಮ್ದುಲಿಲ್ಲಾಹ್, ಈಯಮ್ಮ ಬದುಕಿದ್ದಾಳೆ ಅಂತ ನಾನು ದಾರಿಯುದ್ದಕ್ಕೂ ಅತ್ತುಕೊಂಡೇ ಹತ್ತಿದೆ.

ಹಸಿರು ಬಾಗಿಲು ತೆರೆದೇ ಇತ್ತು. ಅಮ್ಮಿ ಹೊಸ್ತಿಲ ಒಳಗೆ ನಿಂತಿದ್ದಳು. ನಡುಮನೆಯಲ್ಲಿ ಹಾಸಿಗೆ ಹಾಸಿತ್ತು, ಒಲೆ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಕುದೀತಿತ್ತು. ನಾನು ಅತ್ತೆಯನ್ನ ಇಳಿಸೋಕೆ ಬಗ್ಗಿದೆ. ಅತ್ತೆ ಕುತ್ತಿಗೆ ಬಿಡಲಿಲ್ಲ. "ಇಳಿಸಬೇಡ, ಮೊದಲು ಕೇಳ್ತೀನಿ" ಅಂದರು. ಅಷ್ಟರಲ್ಲಿ ಉಬ್ಬಸ ಒತ್ತಿ ಬಂದು ಮಾತೇ ಹೊರಡಲಿಲ್ಲ.

"ಉಸಿರಾಡು ಮೊದಲು" ಅಂದಳು ಅಮ್ಮಿ. "ಕೇಳೋದು ಓಡಿಹೋಗಲ್ಲ."

ಇಬ್ಬರೂ ಸೇರಿ ಮಲಗಿಸಿದೆವು. ಅಮ್ಮಿ ಬೋಗುಣಿಯಲ್ಲಿ ಬಿಸಿನೀರು ತಂದು ಹಬೆ ಕೊಟ್ಟಳು, ಎದೆಗೆ ಎಣ್ಣೆ ಹಚ್ಚಿ ತಿಕ್ಕಿದಳು. ಆಮೇಲೆ ಕೆಳಗೆ ಕೂತು ಅತ್ತೆಯ ಮಣ್ಣಾದ ಕಾಲನ್ನ ತೊಡೆ ಮೇಲಿಟ್ಟುಕೊಂಡು ತೊಳೆದಳು. ಬೆರಳಿನ ಸಂದಿ ಸಂದಿ ಬಿಡದೆ, ನಿಧಾನಕ್ಕೆ, ಅವಳು ಯಾವಾಗಲೂ ತೊಳೆಯೋ ಹಾಗೆ. ಅತ್ತೆ ಆ ಕೈಯನ್ನೇ ನೋಡ್ತಾ ಮಲಗಿದ್ದರು. ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಗೆ ಹೋಗ್ತಿತ್ತು. ಬಿಸಿಲು ಇಳಿದು ಅಸರ್ ಆಗೋ ಹೊತ್ತಿಗೆ ಗೊರಗೊರ ನಿಂತಿತು. ಮಗ್ರಿಬ್ ಹೊತ್ತಿಗೆ ಎದ್ದು ಗೋಡೆಗೆ ಒರಗಿ ಕೂತರು.

ಅಡುಗೆಮನೆಯಲ್ಲಿ ನಾನು ಅಮ್ಮಿಯ ರಟ್ಟೆ ಹಿಡಿದು ಕೇಳಿದೆ. "ನಾವು ಬರ್ತೀವಿ ಅಂತ ನಿನಗೆ ಹೆಂಗೆ ಗೊತ್ತಿತ್ತು?"

"ಬೆಳಿಗ್ಗೆನೇ ನೋಡಿದೆ. ನಿನ್ನ ಹೆಜ್ಜೆ ದಿನಾ ಬರುತ್ತಲ್ಲ. ಇವತ್ತು ಹೊಂಗೆ ಮರದಿಂದ ಈಚೆಗೆ ಎರಡು ಪಟ್ಟು ಹೂತಿತ್ತು. ಅಲ್ಲಿ ಒಂದು ಬುಟ್ಟಿ. ಬುಟ್ಟಿ ತನಕ ಆ ಸೊಟ್ಟ ಕಾಲು. ನಿನಗೆ ಬೆನ್ನ ಮೇಲೆ ಹೊತ್ತು ತರೋಕೆ ಇನ್ಯಾರಿದ್ದಾರೆ? ಆದರೆ ಹೊತ್ತಿದ್ದು ಉಸಿರಿರೋ ಜೀವವೋ ಉಸಿರು ಹೋದ ಮೈಯತ್ತೋ ಮಣ್ಣಿಗೆ ಗೊತ್ತಾಗಲ್ಲ ಖುತೇಜಾ. ಬಿಸಿನೀರು ಎರಡಕ್ಕೂ ಆಗುತ್ತೆ ಅಂತ ಕಾಯಿಸಿಟ್ಟೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಹೆಜ್ಜೆ ಅಲ್ಲೇ ಇತ್ತು! ಅತ್ತೆಯ ಕೊನೇ ಹೆಜ್ಜೆ ಮೇಲೆ ಬುಟ್ಟಿ ಹಾಕುವಾಗ ಅದರ ಪಕ್ಕದಲ್ಲೇ ನನ್ನ ಪಾದ ಹೂತು ನಿಂತಿತ್ತು, ದಿನಾ ಇರೋದೇ ಅಂತ ನಾನು ತಿರುಗಿಯೂ ನೋಡಿರಲಿಲ್ಲ. "ನೋಡಿದವಳು ಬಂದು ಒಂದು ಮಾತು ಹೇಳಬಾರದಿತ್ತಾ? ಇಡೀ ದಿನ ನಾನು ಸತ್ತು ಸತ್ತು ಬದುಕಿದ್ದೀನಿ!"

ಅಮ್ಮಿ ನನ್ನ ಕೆನ್ನೆ ಒರೆಸಿದಳು. "ಹೇಳಿದ್ದರೂ ನೀನು ಹೊತ್ತು ತರ್ತಿದ್ದೆ. ಆದರೆ ನಾನು ಹೇಳಿದೆ ಅಂತ ತರ್ತಿದ್ದೆ, ಹೆಜ್ಜೆ ಇದೆ ಅಂತ ತರ್ತಿದ್ದೆ. ಈಗ ನೀನಾಗೇ ತಂದೆ. ನಾಳೆ ಅಲ್ಲಾಹ್ ಕೇಳಿದಾಗ ಇದು ನಿನ್ನ ಲೆಕ್ಕಕ್ಕೆ ಬರಲಿ ಅಂತ ಬಾಗಿಲಲ್ಲಿ ನಿಂತು ಕಾದೆ. ನನಗೇನು ಸುಲಭ ಆಯ್ತು ಅಂದ್ಕೊಂಡೆಯಾ?"

ಊಟಕ್ಕೆ ಕೂತಾಗ ಅತ್ತೆ ಕೇಳಿದರು. ಸುತ್ತಿ ಬಳಸಿ ಮಾತಾಡಲಿಲ್ಲ. "ಹಲೀಮಾ, ಅವತ್ತು ನಾನು ಆಡಿದ್ದು ಹೊಲಸು ಮಾತು. ನಿನ್ನ ಕೈ ಬಗ್ಗೆ ಆಡಿದ್ದು. ಮಾಫ್ ಮಾಡ್ತೀಯಾ?"

ಅಮ್ಮಿ ರೊಟ್ಟಿ ಮುರೀತಾ ಇದ್ದಳು. "ಗೊತ್ತಿಲ್ಲ ಅಮೀರಾ" ಅಂದಳು. "ನೀನು ಕೇಳಿದೆ ಅಂತ ತಕ್ಷಣ ಬಾಯಿಗೆ ಬಂದಿದ್ದು ಹೇಳಿದರೆ ಅದು ಸುಳ್ಳಾಗುತ್ತೆ. ನಿನ್ನ ಕಾಲು ತೊಳೆದೆ, ಅದು ನನ್ನ ಕೆಲಸ, ಯಾರು ಬಂದರೂ ತೊಳೀತೀನಿ. ಇದು ಬೇರೆ. ಇವತ್ತು ಇಲ್ಲೇ ಮಲಗು."

"ಬೆಳಿಗ್ಗೆ ತನಕ ನಾನು ಇರದಿದ್ದರೆ?"

"ಇರು."

ಬೆಳಿಗ್ಗೆ ಆಜಾನಿಗೆ ಎಚ್ಚರ ಆಯ್ತು. ಮೊದಲು ಅತ್ತೆಯ ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ. "ಇದ್ದೀನಿ, ಕೈ ತೆಗಿ" ಅಂದರು. ಅಮ್ಮಿ ನಮಾಜಿಗೆ ಕೂತಿದ್ದಳು. ನಾನು ಹೋಗಿ ಹಸಿರು ಬಾಗಿಲು ತೆಗೆದೆ. ತೆಗೆದವಳು ಹಾಗೇ ನಿಂತೆ. ಹೊಸ್ತಿಲಿನಿಂದ ಅತ್ತೆಯ ಸೊಟ್ಟ ಪಾದ ಕೆಳಗಿಳಿದು ಹೋಗಿತ್ತು. ಅದರ ಪಕ್ಕದಲ್ಲಿ, ಒತ್ತಿಕೊಂಡ ಹಾಗೆ, ಅಮ್ಮಿಯ ಅಗಲ ಪಾದ. ನನ್ನದು ಹಿಂದೆ ಇತ್ತು, ಅದನ್ನ ಬಿಡಿ. ಎರಡೂ ಜೋಡಿ ಇಳಿದು, ಹೊಂಗೆ ಮರ ದಾಟಿ, ನಮ್ಮನೆ ಓಣಿ ಕಡೆಗೆ ತಿರುಗಿದ್ದವು.

ನನ್ನ ಬಾಯಿಂದ ಕೂಗು ಹೊರಡೋದಿತ್ತು, ತಡೆದುಕೊಂಡೆ. ಓಡಿಹೋಗಿ, ಅಮ್ಮಿ, ಬಾ ನೋಡು, ನೀನು ನಮ್ಮನೆಗೆ ಬರ್ತಿದ್ದೀಯ ಅಂತ ಅವಳ ಕೈ ಹಿಡಿದು ಎಳೆದು ತೋರಿಸಬೇಕು ಅಂತ ಜೀವ ಬಡಕೊಂಡಿತು. ತೋರಿಸಿದರೆ ಏನಾಗುತ್ತೆ? ಬರೆದಾಗಿದೆಯಲ್ಲ, ಬಿಡು, ಮಾಫ್ ಮಾಡಿದೆ ಅಂತಾಳೆ. ಅದಲ್ಲ ಅತ್ತೆ ಕೇಳಿದ್ದು. ಜೊತೆಗೆ ನಡೆಯೋದು ಮಣ್ಣಿನಲ್ಲಿ ಮೂಡುತ್ತೆ, ಮಾಫಿ ಮಣ್ಣಿನಲ್ಲಿ ಮೂಡೋದಿಲ್ಲ. ಸದ್ದಾಗದ ಹಾಗೆ ಬಾಗಿಲು ಮುಂದಕ್ಕೆ ಎಳೆದು ಅಗುಳಿ ಹಾಕಿದೆ. ಒಲೆ ಹತ್ತಿಸಿ ಚಹಾಕ್ಕೆ ನೀರಿಟ್ಟೆ. ಕಣ್ಣು ಬಾಗಿಲ ಮೇಲಿತ್ತು, ಸಕ್ಕರೆ ಎಲ್ಲ ಚೆಲ್ಲಿತು.

ಅಮ್ಮಿ ಸಲಾಂ ತಿರುಗಿಸಿ, ದುವಾ ಮುಗಿಸಿ, ಕೈಯಿಂದ ಮುಖ ಸವರಿಕೊಂಡಳು. "ಬಾಗಿಲು ಯಾಕೆ ಹಾಕಿದೆ?" ಅಂದಳು.

"ಗಾಳಿ ಬರುತ್ತೆ, ಅತ್ತೆಗೆ ಆಗಲ್ಲ" ಅಂದೆ.

ಅವಳು ಎದ್ದು ಬಂದು ಅತ್ತೆಯ ಹಾಸಿಗೆ ಪಕ್ಕ ಕೂತಳು. ಬಹಳ ಹೊತ್ತು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮುದುಕಿ ಕೈ, ನೀರಿನಲ್ಲಿ ನೆನೆದೂ ನೆನೆದೂ ಸುಕ್ಕಾದ ಕೈ. ಆಮೇಲೆ ಆ ಕೈಯನ್ನ ಅತ್ತೆಯ ತಲೆ ಮೇಲಿಟ್ಟಳು.

"ಮಾಫ್ ಮಾಡಿದೆ ಅಮೀರಾ. ರಾತ್ರಿ ಮಲಗುವಾಗ ಆಗಿರಲಿಲ್ಲ. ಈಗ ಹಣೆ ನೆಲಕ್ಕಿಟ್ಟಾಗ, ಸಜ್ದಾದಲ್ಲಿ ಆಯ್ತು. ಏಳು, ನಿನ್ನನ್ನ ಮನೆಗೆ ಬಿಟ್ಟು ಬರ್ತೀನಿ. ಖುತೇಜಾ ಒಬ್ಬಳ ಕೈಲಿ ಆಗಲ್ಲ."

ಅತ್ತೆ ಆ ಕೈಯನ್ನ ತಲೆಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಒಲೆ ಮುಂದೆ ಕೂತು, ಹೊಗೆ ಹೊಗೆ ಅಂತ ಹೇಳ್ತಾ ಕಣ್ಣು ಒರೆಸಿಕೊಂಡೆ. ಬಾಗಿಲ ಅಗುಳಿ ಹಾಕಿದ ಹಾಗೇ ಇತ್ತು. ನಮ್ಮಮ್ಮಿ ಹೊರಗೆ ಇನ್ನೂ ನೋಡಿರಲಿಲ್ಲ.